ಸಾವುನೋವು: ನೋವನ್ನು ನುಂಗಿಬಿಟ್ಟರೆ ಹೇಗೆ?

‘ಮೊದಲ ಮಹಾಯುದ್ಧದ ಸೋಮ್ ಕದನದ ಮೊದಲ ದಿನವೇ 57,470 ಬ್ರಿಟಿಷ್ ಸೈನಿಕರು ಸತ್ತರು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ವಾಯುಪಡೆಯ ಬಾಂಬ್ ದಾಳಿ ವಿಭಾಗವಾದ ಬಾಂಬರ್ ಕಮಾಂಡ್‌ನಲ್ಲಿ ಸತ್ತವರು 55,573. ಹಾಗಾಗಿ ನೆಲದವರ ಪಾಡೇ ಘೋರ, ವಿಮಾನದವರದು ಸುಖ.’ ಈ ವಾದವನ್ನು ಓದಿ ಓದಿ ಸಾಕಾಗಿದೆ. 1916ರ ಜುಲೈ 1ರ ಆ ಸಂಖ್ಯೆ ಸಾವಿನದಲ್ಲ, ಸಾವುನೋವಿನದು. ಸತ್ತವರು 19,240.

ಮೇಯು–ಮೇವು, ಕಾಯು–ಕಾವು ಇದ್ದ ಹಾಗೆ ಸಾಯು–ಸಾವು, ನೋಯು–ನೋವು. ಎರಡೂ ಅಚ್ಚಗನ್ನಡ, ಎರಡೂ ಸಮಾನ. ಕೆರೆಕಟ್ಟೆ ಎಂದಾಗ ಕಟ್ಟೆಯನ್ನು ಯಾರೂ ಬಿಡುವುದಿಲ್ಲ, ಗಿಡಮರ ಎಂದಾಗ ಮರವನ್ನೂ ಬಿಡುವುದಿಲ್ಲ. ಸಾವುನೋವಿನಲ್ಲಿ ಮಾತ್ರ ನೋವನ್ನು ಪ್ರಾಸಕ್ಕೆ ಬಂದ ಬಾಲ ಎಂದುಕೊಳ್ಳುವುದೇಕೆ? ಇಂಗ್ಲಿಷಿನ ‘ಕ್ಯಾಶುವಲ್ಟಿ’ಯನ್ನು ‘ಸಾವು’ ಎಂದು ಅನುವಾದಿಸುವವರು ಆಸ್ಪತ್ರೆಯ ಕ್ಯಾಶುವಲ್ಟಿ ವಿಭಾಗಕ್ಕೆ ಯಾವ ಧೈರ್ಯದಿಂದ ಹೋಗುತ್ತಾರೋ!

ಸೋಮ್‌ನ ಅದೇ ದಿನ ಗಾಯಗೊಂಡವರು 35,493. ಸತ್ತವನೊಬ್ಬನಿಗೆ ಗಾಯಾಳುಗಳು ಹೆಚ್ಚುಕಡಿಮೆ ಇಬ್ಬರು. ಬಾಂಬರ್ ಕಮಾಂಡ್‌ನ ಲೆಕ್ಕ ತಲೆಕೆಳಗು: ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಸಾವು, ಗಾಯಾಳುಗಳು ಬರೀ 8,403. ನೆಲದಲ್ಲಿ ಗುಂಡು ತಗುಲಿದವನು ಕೆಸರಿನಲ್ಲಿ ನರಳುತ್ತ ಬಿದ್ದಿದ್ದರೂ ಸ್ಟ್ರೆಚರ್ ಹೊತ್ತವರು ಬಂದಾರು. ಇಪ್ಪತ್ತು ಸಾವಿರ ಅಡಿ ಎತ್ತರದಲ್ಲಿ ಹೊತ್ತಿಕೊಂಡ ಲ್ಯಾಂಕಾಸ್ಟರ್ ಬಾಂಬರ್ ವಿಮಾನದಲ್ಲಿ ಬರುವವರು ಯಾರು? ಹಿಂಬದಿಯ ಗನ್ನರ್‌ನನ್ನೇ ನೋಡಿ. ಅವನು ಕೂರುವ ಬಂದೂಕಿನ ಗೋಪುರ ಎಷ್ಟು ಇಕ್ಕಟ್ಟೆಂದರೆ ಪ್ಯಾರಾಚೂಟನ್ನು ಹೊರಗೆ, ವಿಮಾನದ ಒಡಲಿನಲ್ಲಿ ನೇತುಹಾಕಿರಬೇಕು. ಬೆಂಕಿ ಬಿದ್ದಾಗ ಚಳಿಗೆ ಮರಗಟ್ಟಿದ ಕೈಯಿಂದ ಬೆನ್ನಹಿಂದಿನ ಬಾಗಿಲು ತೆರೆದು, ಪ್ಯಾರಾಚೂಟನ್ನು ಎಳೆದುಕೊಂಡು, ಎದೆಗೆ ಸಿಕ್ಕಿಸಿ, ಆಮೇಲೆ ಹಾರಬೇಕು. ಗಾಯಾಳುವಾಗಿ ಉಳಿಯಲು ಅಲ್ಲಿ ಪುರುಸೊತ್ತೇ ಇರುತ್ತಿರಲಿಲ್ಲ.

‘ಸುಖ’ ಎಂದರೆ ಬಿಳಿ ಹಾಸಿಗೆ, ಮರಳಿದವರಿಗೆ ಮೊಟ್ಟೆಯ ಊಟ. ಇದ್ದದ್ದು ನಿಜ. ವಾರಗಟ್ಟಲೆ ಒದ್ದೆ ಬೂಟು ಬಿಚ್ಚದ ಕಾಲಾಳು ಹೊಟ್ಟೆಕಿಚ್ಚು ಪಟ್ಟರೆ ತಪ್ಪೇನಿಲ್ಲ. ಆದರೆ ವಿಮಾನದವನು ಮೊದಲ ಸರದಿಗೇ ಮೂವತ್ತು ದಾಳಿ ಮುಗಿಸಬೇಕಿತ್ತು.

ನಮ್ಮ ಪದಕ್ಕೂ ಒಂದು ಕೊರತೆಯಿದೆ, ಒಪ್ಪುತ್ತೇನೆ. ಸೇನೆಯ ಕ್ಯಾಶುವಲ್ಟಿ ಪಟ್ಟಿಯಲ್ಲಿ ಸೆರೆಸಿಕ್ಕವರೂ ನಾಪತ್ತೆಯಾದವರೂ ಸೇರುತ್ತಾರೆ. ಏಳು ಮಂದಿಯ ಬಾಂಬರ್ ಮರಳದಿದ್ದರೆ ಏಳು ಮನೆಗಳಿಗೆ ಹೋಗುತ್ತಿದ್ದ ತಂತಿಯಲ್ಲಿ ಸಾವೂ ಇರುತ್ತಿರಲಿಲ್ಲ, ನೋವೂ ಇರುತ್ತಿರಲಿಲ್ಲ. ಇರುತ್ತಿದ್ದದ್ದು ‘ನಾಪತ್ತೆ’ ಎಂಬ ಮಾತು.