ಕನಸಿನ ಜಡ್ಜ್ ತುಳು ಮಾತಾಡಿದಾಗ

ಮುಂಬಯಿಯ ಮಾಟುಂಗದಲ್ಲಿ ಹೋಟೆಲ್ ನಡೆಸುವ, ನಮ್ಮ ತುಳುನಾಡಿನ ಕಡೆಯ ಹಿರಿಯರೊಬ್ಬರಿಗೆ ಜಾಗದ ಪಗಡಿ (ಬಾಡಿಗೆ ಹಕ್ಕಿಗಾಗಿ ಕೊಡುವ ಇಡಿಗಂಟು) ವಿಷಯದಲ್ಲಿ ಮಾಲೀಕರೊಂದಿಗೆ ತಕರಾರು. ಕೇಸು ಧೋಬಿ ತಲಾವ್‌ನ ಸ್ಮಾಲ್ ಕಾಸಸ್ ಕೋರ್ಟಿನಲ್ಲಿದೆ. ತಾರೀಖು ಹತ್ತಿರ ಬಂದಾಗೆಲ್ಲ ಅವರಿಗೆ ಅದೇ ಕನಸು. ಕಪ್ಪು ಕೋಟಿನ ಜಡ್ಜ್ ಒಬ್ಬರು ಹೋಟೆಲಿನ ಗಲ್ಲಾದಲ್ಲಿ ಕೂತಿದ್ದಾರೆ. ಪಗಡಿಯ ಸುದ್ದಿಯನ್ನೇ ಎತ್ತುವುದಿಲ್ಲ. ಅಮ್ಮನ ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಊರಿಗೆ ಯಾಕೆ ಬರಲಿಲ್ಲ ಎಂದು ತುಳುವಿನಲ್ಲಿ ಕೇಳುತ್ತಾರೆ. ಇವರಿಗೆ ಮಾತೇ ಹೊರಡುವುದಿಲ್ಲ, ಎಚ್ಚರವಾಗುತ್ತದೆ.

"ಕೇಸು ಗೆಲ್ತೇನಾ, ಸೋಲ್ತೇನಾ? ನೀವು ಓದಿದವರು, ಹೇಳಿ ಮಾರಾಯ್ರೆ" ಎಂದು ಅವರು ಕೇಳಿದರು.

ಫೋನಿನಲ್ಲಿ ಹುಡುಕಿದರೆ ಉತ್ತರಕ್ಕೆ ಬರವಿಲ್ಲ. ಜಡ್ಜ್ ಕಂಡರೆ ನ್ಯಾಯ ಸಿಗುತ್ತದೆ ಎಂದು ಒಂದು ಕಡೆ, ಅಪವಾದ ಬರುತ್ತದೆ ಎಂದು ಇನ್ನೊಂದು ಕಡೆ. ಈ ಚಾಳಿ ಹೊಸದೇನಲ್ಲ. ಎರಡನೇ ಶತಮಾನದ ಕನಸಿನ ಅರ್ಥ ಹೇಳುವ ಗ್ರೀಕ್ ಪಂಡಿತ ಆರ್ಟೆಮಿಡೋರಸ್ ಐದು ಸಂಪುಟ ಬರೆದಿಟ್ಟಿದ್ದಾನೆ. ಕೋರ್ಟು, ಜಡ್ಜ್, ವಕೀಲರು ಕಂಡರೆ ಚಿಂತೆ, ಅಕಾಲದ ಖರ್ಚು, ಗುಟ್ಟು ರಟ್ಟಾಗುವುದು ಎಂದು ಅವನ ಲೆಕ್ಕ. ಅಕಾಲದ ಖರ್ಚಿನ ವಿಷಯದಲ್ಲಿ ಅವನ ಮಾತನ್ನು ಮುಂಬಯಿಯಲ್ಲಿ ಕೇಸು ನಡೆಸಿದ ಯಾರೂ ಅಲ್ಲಗಳೆಯಲಾರರು. ವ್ಯಾಜ್ಯ ಇರುವವನು ತಾನೇ ಜಡ್ಜ್ ಕುರ್ಚಿಯಲ್ಲಿ ಕೂತಂತೆ ಕಂಡರೆ ಗೆಲುವಂತೆ. ಜಡ್ಜ್ ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳುವುದಿಲ್ಲವಲ್ಲ! ತರ್ಕ ತಮಾಷೆಯಾಗಿದೆ. ಆದರೆ ಕನಸು ಕಂಡವನು ಯಾರು, ಅವನ ಕಸುಬೇನು ಎಂದು ವಿಚಾರಿಸದೆ ಅರ್ಥ ಹೇಳಬಾರದು ಎಂದೂ ಅವನು ಹೇಳುತ್ತಾನೆ. ಫೋನು ಅಷ್ಟೂ ಕೇಳುವುದಿಲ್ಲ.

ನನಗೆ ಕಾಣುವ ಪ್ರಕಾರ, ಜಡ್ಜ್ ಕನಸಿನಲ್ಲಿ ಜಡ್ಜ್ ಮುಖ್ಯ ಅಲ್ಲ. ಆರೋಪ ಏನು ಅನ್ನುವುದು ಮುಖ್ಯ.

ಇದಕ್ಕೆ ಸಂತ ಜೆರೋಮ್‌ನ ಕನಸಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಬೈಬಲನ್ನು ಲ್ಯಾಟಿನ್‌ಗೆ ತಂದವನು ಈತ. 384ರಲ್ಲಿ ಬರೆದ ಒಂದು ಪತ್ರದಲ್ಲಿ ಹಳೆಯ ಕನಸೊಂದನ್ನು ಹೇಳಿಕೊಂಡಿದ್ದಾನೆ. ಮನೆ, ಬಂಧುಗಳು, ಒಳ್ಳೆಯ ಊಟ ಎಲ್ಲ ಬಿಟ್ಟು ಹೊರಟಿದ್ದ. ಪುಸ್ತಕಗಳನ್ನು ಮಾತ್ರ ಬಿಡಲಾಗಲಿಲ್ಲ. ಉಪವಾಸ ಮಾಡುವುದು, ಆಮೇಲೆ ಕ್ರೈಸ್ತನಲ್ಲದ ಹಳೆಯ ರೋಮನ್ ವಾಗ್ಮಿ ಸಿಸೆರೋನನ್ನು ಓದುವುದು. ಆ ಸೊಗಸಾದ ಲ್ಯಾಟಿನ್ ಓದಿದ ಮೇಲೆ ಪ್ರವಾದಿಗಳ ಮಾತು ಒರಟು ಅನ್ನಿಸುತ್ತಿತ್ತು. ಹೀಗಿರುವಾಗ ಜೋರು ಜ್ವರ ಬಂತು. ಸಾಯುತ್ತಾನೆ ಎಂದೇ ಜೊತೆಯವರು ಅಂದುಕೊಂಡರು. ಆಗ ತನ್ನನ್ನು ನ್ಯಾಯಪೀಠದ ಮುಂದೆ ಎಳೆದೊಯ್ದಂತೆ ಕಂಡಿತು. ಕಣ್ಣೆತ್ತಲಾಗದಷ್ಟು ಬೆಳಕು. ನೀನು ಯಾರು ಎಂಬ ಪ್ರಶ್ನೆ ಬಂತು. ಕ್ರೈಸ್ತ ಎಂದ. ಸುಳ್ಳು, ನೀನು ಸಿಸೆರೋನ ಕಡೆಯವನು ಎಂಬ ಉತ್ತರ, ಜೊತೆಗೆ ಚಾಟಿಯೇಟು. ಎದ್ದಾಗ ಭುಜ ಕಪ್ಪುಗಟ್ಟಿತ್ತು ಎಂದು ಬರೆಯುತ್ತಾನೆ. ಇನ್ನು ಮುಂದೆ ಲೌಕಿಕ ಪುಸ್ತಕ ಮುಟ್ಟುವುದಿಲ್ಲ ಎಂದು ಕನಸಿನಲ್ಲೇ ಆಣೆ ಹಾಕಿದ್ದ.

ಪೀಠದಲ್ಲಿದ್ದದ್ದು ದೇವರೇ ಇರಬಹುದು. ಆದರೆ ಆರೋಪಪಟ್ಟಿ ಜೆರೋಮ್‌ನ ಎದೆಯೊಳಗೆ ಮೊದಲೇ ತಯಾರಾಗಿತ್ತು, ಅಲ್ವಾ? ಕಥೆ ಇಲ್ಲಿಗೇ ಮುಗಿಯಲಿಲ್ಲ. ವರ್ಷಗಳ ನಂತರ ಹಳೆಯ ಗೆಳೆಯ ರುಫಿನಸ್, ಆಣೆ ಮುರಿದು ಇನ್ನೂ ಆ ಲೌಕಿಕ ಲೇಖಕರನ್ನೇ ಉದ್ಧರಿಸುತ್ತೀಯಲ್ಲ ಎಂದು ಹಂಗಿಸಿದ. ಜೆರೋಮ್ ಅದಕ್ಕೆ, ಅದು ಬರೀ ಕನಸು, ಕನಸಿನ ಮಾತಿಗೆ ನನ್ನನ್ನು ಕಟ್ಟಿಹಾಕಬೇಡ ಎಂದು ಜಾರಿಕೊಂಡ. ಪಕ್ಕಾ ವಕೀಲರ ಉತ್ತರ.

ಕನಸಿನ ತೀರ್ಪನ್ನು ಎಚ್ಚರವಿದ್ದವರು ಬದಲಿಸಬಹುದು ಎಂಬ ನಂಬಿಕೆ ಬೇರೆಡೆಯೂ ಇದೆ. ಕನಸು ಕಂಡು ಮನಸ್ಸು ಕಲಕಿದರೆ ಮೂವರನ್ನು ಕೂರಿಸಿ, ಅವರಿಂದ ಇದು ಒಳ್ಳೆಯ ಕನಸು ಎಂದು ಹೇಳಿಸಿಕೊಳ್ಳಿ ಎನ್ನುತ್ತದೆ ಯಹೂದಿಗಳ ಧರ್ಮಗ್ರಂಥ ತಾಲ್ಮುಡ್. ಅವರ ಸಾಮಾನ್ಯ ನ್ಯಾಯಪೀಠದಲ್ಲೂ ಮೂವರೇ ಇರುತ್ತಾರೆ. ಇಸ್ಲಾಂ ಸಂಪ್ರದಾಯ ಇದಕ್ಕೆ ವಿರುದ್ಧ: ಕೆಟ್ಟ ಕನಸನ್ನು ಯಾರಿಗೂ ಹೇಳಬೇಡಿ. ಜೊತೆಗೆ, ಕನಸುಗಳಲ್ಲಿ ಒಂದು ಬಗೆ ಬರೀ ಮನಸ್ಸಿನ ಮಾತು ಎಂದೂ ಅದು ಒಪ್ಪುತ್ತದೆ.

ನಮ್ಮ ಚರಕ ಸಂಹಿತೆ ಇನ್ನೂ ಖಡಕ್. ಕನಸು ಏಳು ಬಗೆ. ನೋಡಿದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ಸೂಚಿಸುವುದು, ದೇಹದ ದೋಷದಿಂದ ಬಂದದ್ದು. ಇದರಲ್ಲಿ ಮೊದಲ ಐದಕ್ಕೆ ಫಲವೇ ಇಲ್ಲ. ಕೋರ್ಟಿಗೆ ಅಲೆಯುವವರ ಕೋರ್ಟಿನ ಕನಸು ಈ ಐದರಲ್ಲೇ ಬಂತು. ಹೋಟೆಲಿನವರಿಗೆ ಇದನ್ನು ಹೇಳಿದಾಗ ಅರ್ಧ ಸಮಾಧಾನವಾಯಿತು.

ಉಳಿದರ್ಧ ತುಳುವಿನದು. ಧೋಬಿ ತಲಾವ್‌ನ ಜಡ್ಜ್ ತುಳು ಯಾಕೆ ಮಾತಾಡಬೇಕು? 1923ರಲ್ಲಿ ಮನೋವಿಶ್ಲೇಷಣೆಯ ಫ್ರಾಯ್ಡ್ 'ಸೂಪರ್ ಈಗೋ' ಎಂಬ ಪರಿಕಲ್ಪನೆ ತಂದ. ಸರಿ ತಪ್ಪು ಹೇಳಿಕೊಟ್ಟ ತಂದೆತಾಯಿಯ ದನಿಯೇ ಒಳಗೆ ಬೇರೂರಿ ನ್ಯಾಯಾಧೀಶನಾಗುತ್ತದೆ ಎಂಬುದು ಸಾರ. ಊರಿನ ದೈವಾರಾಧನೆಯಾದ ಕೋಲದಲ್ಲಿ ದೈವ ನ್ಯಾಯ ಹೇಳುವುದನ್ನು ನೋಡುತ್ತ ಬೆಳೆದ ಹುಡುಗನಿಗೆ ಮೊದಲ ಜಡ್ಜ್ ಸಿಕ್ಕಿದ್ದು ಕೋರ್ಟಿನಲ್ಲಲ್ಲ, ಊರಿನಲ್ಲಿ. ಇಷ್ಟರಮಟ್ಟಿಗೆ ಫ್ರಾಯ್ಡ್ ಉಪಯೋಗಕ್ಕೆ ಬರುತ್ತಾನೆ. ಪೂರ್ತಿ ನಂಬುವುದು ಕಷ್ಟ. ಕನಸೆಂದರೆ ಆಸೆಯ ಈಡೇರಿಕೆ ಎಂಬ ಅವನ ಉಪನ್ಯಾಸ ಕೇಳಿದ ವಕೀಲ ಗೆಳೆಯನೊಬ್ಬ ಮನೆಗೆ ಹೋಗಿ, ತಾನು ಎಲ್ಲ ಕೇಸು ಸೋತಂತೆ ಕನಸು ಕಂಡ. ಇದೆಂಥ ಆಸೆ ಎಂದು ಬಂದು ಕೇಳಿದ. ಶಾಲೆಯಲ್ಲಿ ಎಂಟು ವರ್ಷ ನಾನೇ ಮೊದಲಿಗ, ಇವನು ಮಧ್ಯದಲ್ಲಿದ್ದ, ನನ್ನ ಸಿದ್ಧಾಂತ ಸೋಲಲಿ ಅನ್ನುವುದೇ ಇವನ ಆಸೆ ಎಂದುಕೊಂಡನಂತೆ ಫ್ರಾಯ್ಡ್. ಇಂಥ ಸಿದ್ಧಾಂತ ಯಾವ ಕೋರ್ಟಿನಲ್ಲೂ ಸೋಲುವುದಿಲ್ಲ. ಅದೇ ಅದರ ತೊಂದರೆ.

ಮಿದುಳಿನ ಅಧ್ಯಯನ ಬೇರೆ ದಾರಿ ಹಿಡಿಯಿತು. ನಿದ್ದೆಯಲ್ಲಿ ಕಣ್ಣುಗುಡ್ಡೆ ಚುರುಕಾಗಿ ಓಡಾಡುವ 'ರೆಮ್' ಹಂತವನ್ನು 1953ರಲ್ಲಿ ಶಿಕಾಗೋದ ಆಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ವರದಿ ಮಾಡಿದರು. ಬಣ್ಣಬಣ್ಣದ ಕನಸು ಜಾಸ್ತಿ ಬೀಳುವುದು ಈ ಹೊತ್ತಿನಲ್ಲಿ. 1990ರ ದಶಕದ ಸ್ಕ್ಯಾನ್‌ಗಳು ಇನ್ನೊಂದು ವಿಷಯ ತೋರಿಸಿದವು. ಆಗ ಭಯ, ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲ ಬಿರುಸಾಗಿ ಕೆಲಸ ಮಾಡುತ್ತಿರುತ್ತದೆ. ಹಣೆಯ ಹಿಂದೆ ತರ್ಕ, ಯೋಜನೆ ನೋಡಿಕೊಳ್ಳುವ ಭಾಗ ಮಂಕಾಗಿರುತ್ತದೆ. ಅಂದರೆ ಸರ್ಕಾರಿ ವಕೀಲರು ಹಾಜರ್, ನಮ್ಮ ವಕೀಲರು ಗೈರುಹಾಜರು. ಕನಸಿನ ಕಟಕಟೆಯಲ್ಲಿ ಆರೋಪ ಅಷ್ಟು ನಿಜವೆನಿಸುವುದಕ್ಕೂ, "ಅವತ್ತು ನನಗೆ ಟೈಫಾಯ್ಡ್ ಇತ್ತು ಸ್ವಾಮಿ" ಎನ್ನಲು ನಮ್ಮ ಹೋಟೆಲಿನವರಿಗೆ ಹೊಳೆಯದಿರುವುದಕ್ಕೂ ಇದು ಒಂದು ಕಾರಣ ಇರಬೇಕು.

ಹಾಗಂತ ಇಂಥ ಕನಸು ಸುಮ್ನೆ ದಂಡವೂ ಅಲ್ಲ. ಶಿಕಾಗೋದಲ್ಲೇ ರೋಸಲಿಂಡ್ ಕಾರ್ಟ್‌ರೈಟ್ ಎಂಬ ವಿಜ್ಞಾನಿ ವಿಚ್ಛೇದನದಲ್ಲಿ ನೊಂದು ಖಿನ್ನರಾದವರ ಕನಸುಗಳನ್ನು ಅಭ್ಯಾಸ ಮಾಡಿದರು. ಬಿಟ್ಟುಹೋದ ಸಂಗಾತಿ ಕನಸಿನಲ್ಲಿ ಬಂದು ಭಾವನೆ ಕೆದಕಿದವರೇ ಹೆಚ್ಚಾಗಿ ಮುಂದೆ ಚೇತರಿಸಿಕೊಂಡಿದ್ದರು.

ಅದೇ ಜಡ್ಜ್ ಮತ್ತೆಮತ್ತೆ ಬಂದು ನಿದ್ದೆ ಕೆಡಿಸಿದರೆ ಮದ್ದೂ ಇದೆ. ಹಗಲು ಹೊತ್ತು ಆ ಕನಸನ್ನು ಬರೆದುಕೊಳ್ಳಬೇಕು. ಕಥೆಯನ್ನು ತನಗೆ ಬೇಕಾದಂತೆ ತಿದ್ದಬೇಕು. ತಿದ್ದಿದ್ದನ್ನು ದಿನಾ ಸ್ವಲ್ಪ ಹೊತ್ತು ಕಣ್ಮುಂದೆ ತಂದುಕೊಳ್ಳಬೇಕು. ಬ್ಯಾರಿ ಕ್ರಾಕೋ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರ ದುಃಸ್ವಪ್ನಗಳು ಇದರಿಂದ ಕಡಿಮೆಯಾಗಿದ್ದವು. ಆಘಾತದ ಹಿನ್ನೆಲೆ ಇದ್ದರೆ ಒಬ್ಬರೇ ಮಾಡಿಕೊಳ್ಳುವುದಕ್ಕಿಂತ ಮನೋವೈದ್ಯರ ಜೊತೆ ಮಾಡುವುದು ಒಳ್ಳೆಯದು. ಕಥೆ ಹೇಗೆ ತಿದ್ದಬೇಕು ಎಂಬುದಕ್ಕೆ ನಿಯಮವಿಲ್ಲ. ಜಡ್ಜ್‌ಗೆ ಒಂದು ಕಾಫಿ ಕೊಟ್ಟು ಕೂರಿಸಿ, ಕೇಳಿದ್ದಕ್ಕೆ ಉತ್ತರ ಹೇಳಿದರೂ ಆಯಿತು.