ಮೂರು ಕೋಣೆಯ ಪೆಟ್ಟಿಗೆಯಲ್ಲಿ ಇಲಿ ಏನು ಹೇಳುತ್ತದೆ?

'ಆಟಿಸಂ ಇದ್ದ ಇಲಿಗೆ ಔಷಧಿ ಕೊಟ್ಟರು, ಗುಣವಾಯಿತು' ಅನ್ನೋ ಥರದ ಸುದ್ದಿ ವಾಟ್ಸಾಪ್‌ನಲ್ಲಿ ಆಗಾಗ ಓಡಾಡುತ್ತಿರುತ್ತದೆ. ಅಂಥ ಮಗು ಇರುವ ಅಪ್ಪ ಅಮ್ಮ ಅದನ್ನು ನನಗೆ ಕಳಿಸಿ, "ಮೇಡಂ, ಇದು ನಮ್ಮ ಮಗುವಿಗೆ ಯಾವಾಗ ಸಿಗುತ್ತೆ?" ಅಂತ ಕೇಳುತ್ತಾರೆ. ಇಲಿಗಳ ನಡವಳಿಕೆ ಅಳೆಯುವುದು ನನ್ನ ಕೆಲಸ. ಆ ಇಲಿಗೆ ಗುಣವಾಯಿತು ಅಂತ ಯಾರು, ಏನನ್ನು ನೋಡಿ ತೀರ್ಮಾನಿಸಿದರು ಅನ್ನೋದು ಗೊತ್ತಾಗದೆ ಅವರಿಗೆ ಉತ್ತರ ಕೊಡೋಕೆ ಆಗಲ್ಲ.

ಇಲಿಗೆ ಆಟಿಸಂ ಇರುವುದಿಲ್ಲ. ಇರುವುದು ಕೆಲಸ ನಿಲ್ಲಿಸಿದ ಒಂದು ಜೀನ್, ಅಷ್ಟೇ. ಫ್ರ್ಯಾಜೈಲ್ ಎಕ್ಸ್ ಸಿಂಡ್ರೋಮ್ ತೆಗೆದುಕೊಳ್ಳಿ. ಇದು ಹುಟ್ಟಿನಿಂದಲೇ ಬರುವ, ಬುದ್ಧಿ ಬೆಳವಣಿಗೆ ಕುಂಠಿತವಾಗುವ ಸಮಸ್ಯೆ; ಇದಿರುವ ಎಷ್ಟೋ ಮಕ್ಕಳಲ್ಲಿ ಆಟಿಸಂ ಲಕ್ಷಣಗಳೂ ಇರುತ್ತವೆ. ಮನುಷ್ಯರ ಎಕ್ಸ್ ಕ್ರೋಮೋಸೋಮಿನಲ್ಲಿ ಎಫ್‌ಎಂಆರ್1 ಅನ್ನೋ ಜೀನ್ ಇದೆ. ಅದರಲ್ಲಿ ಸಿಜಿಜಿ ಅನ್ನೋ ಮೂರಕ್ಷರದ ತುಣುಕು 200ಕ್ಕಿಂತ ಜಾಸ್ತಿ ಸಲ ಸಾಲಾಗಿ ಬಂದರೆ ಜೀನ್ ಮುಚ್ಚಿಕೊಳ್ಳುತ್ತದೆ, ಮಿದುಳಿಗೆ ಬೇಕಾದ ಒಂದು ಪ್ರೋಟೀನ್ ತಯಾರಾಗುವುದೇ ಇಲ್ಲ. 1994ರಲ್ಲಿ ಡಚ್ ಮತ್ತು ಬೆಲ್ಜಿಯಂ ವಿಜ್ಞಾನಿಗಳು ಇದೇ ಜೀನನ್ನು ನೇರವಾಗಿ ಕೆಡಿಸಿದ ನಾಕೌಟ್ ಇಲಿಯನ್ನು ಮಾಡಿದರು. ಇವತ್ತಿಗೂ ಜಗತ್ತಿನ ಎಷ್ಟೋ ಲ್ಯಾಬ್‌ಗಳಲ್ಲಿ ಅದರ ಸಂತತಿ ಇದೆ. ಬೆಂಗಳೂರಿನಲ್ಲೂ ಇಂಥ ಕೆಲಸ ನಡೆಯುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಸಿನ್‌ಗ್ಯಾಪ್1 ಅನ್ನೋ ಇನ್ನೊಂದು ಜೀನ್ ಕೆಟ್ಟ ಇಲಿಗಳನ್ನು ಇಟ್ಟುಕೊಂಡು ಅಧ್ಯಯನ ಮಾಡುತ್ತಾರೆ.

ಇಲಿ ಸಿಕ್ಕಿತು, ಸರಿ. ಅದು ಬೇರೆ ಇಲಿಗಳ ಜೊತೆ ಬೆರೆಯುತ್ತದೋ ಇಲ್ಲವೋ ಅಂತ ನೋಡುವುದು ಹೇಗೆ? ಇದಕ್ಕೆ ಎಲ್ಲರೂ ಮೊದಲು ಕೈ ಹಾಕುವುದು ಮೂರು ಕೋಣೆಯ ಪರೀಕ್ಷೆಗೆ. ಅಮೆರಿಕದ ಜಾಕ್ವೆಲಿನ್ ಕ್ರಾಲಿ ಮತ್ತು ಜೊತೆಗಾರರು 2004ರ ಹೊತ್ತಿಗೆ ಇದನ್ನು ಬಳಕೆಗೆ ತಂದರು. ಒಂದು ಪಾರದರ್ಶಕ ಪೆಟ್ಟಿಗೆ, ಒಳಗೆ ಎರಡು ಗೋಡೆ, ಗೋಡೆಗೆ ಪುಟ್ಟ ಬಾಗಿಲು. ಇಲಿಯನ್ನು ನಡುವಿನ ಕೋಣೆಯಲ್ಲಿ ಬಿಟ್ಟು ಹತ್ತು ನಿಮಿಷ ಜಾಗ ಪರಿಚಯ ಮಾಡಿಕೊಳ್ಳಲು ಬಿಡುತ್ತೇವೆ. ಆಮೇಲೆ ಒಂದು ಬದಿಯಲ್ಲಿ ತಂತಿಯ ಬುಟ್ಟಿ ಬೋರಲು ಹಾಕಿ ಅದರೊಳಗೆ ಗುರುತಿಲ್ಲದ ಇಲಿ, ಇನ್ನೊಂದು ಬದಿಯಲ್ಲಿ ಅಂಥದ್ದೇ ಖಾಲಿ ಬುಟ್ಟಿ ಇಡುತ್ತೇವೆ. ಮತ್ತೆ ಹತ್ತು ನಿಮಿಷ. ಮೇಲಿನ ಕ್ಯಾಮೆರಾ ಇಲಿಯ ಮೂಗು ಎಲ್ಲಿದೆ ಅಂತ ಲೆಕ್ಕ ಇಡುತ್ತದೆ. ಮಾಮೂಲಿ ಇಲಿ ಹೊಸಬನ ಬುಟ್ಟಿಯ ಹತ್ತಿರವೇ ಜಾಸ್ತಿ ಹೊತ್ತು ಮೂಸುತ್ತಾ ಇರುತ್ತದೆ. ನಾಕೌಟ್ ಇಲಿ ಎರಡೂ ಕಡೆ ಒಂದೇ ಥರ ಸುತ್ತಾಡಿದರೆ, 'ಬೆರೆಯುವ ಗುಣ ಕಡಿಮೆ' ಅಂತ ಬರೆದುಬಿಡುತ್ತಾರೆ.

ಅಷ್ಟು ಬೇಗ ಹಾಗೆ ಬರೆಯಬಾರದು. ಮದುವೆ ಮನೆಯಲ್ಲಿ ಒಂದು ಮಗು ಮೂಲೆ ಹಿಡಿದು ಕೂತಿದ್ದರೆ ಅದಕ್ಕೆ ಜನ ಬೇಡ ಅಂತ ಹೇಳುವ ಮುಂಚೆ ಜ್ವರ ಇದೆಯಾ, ಕಿವಿ ಕೇಳುತ್ತಾ, ಹೆದರಿದೆಯಾ ಅಂತ ನೋಡುತ್ತೇವೆ, ಅಲ್ವಾ? ಇಲಿ ತನ್ನ ಜೊತೆಯವರನ್ನು ಗುರುತಿಸುವುದು ಮುಖ್ಯವಾಗಿ ವಾಸನೆಯಿಂದ. ಮೂಗು ಸರಿ ಇಲ್ಲದಿದ್ದರೆ ಈ ಪರೀಕ್ಷೆಗೆ ಅರ್ಥವೇ ಇಲ್ಲ. ಅದಕ್ಕೇ ಬೇರೊಂದು ದಿನ ಪಂಜರದ ಹೊಟ್ಟಿನಡಿ ತಿನಿಸು ಹೂತಿಟ್ಟು, ಹುಡುಕಿ ತೆಗೆಯುತ್ತದಾ ಅಂತ ನೋಡಲೇಬೇಕು. ಎಫ್‌ಎಂಆರ್1 ಇಲಿಗಳು ಬಹಳ ಸಲ ಮಾಮೂಲಿಗಿಂತ ಜಾಸ್ತಿ ಓಡಾಡುತ್ತವೆ, ಯಾವ ಬುಟ್ಟಿಯ ಹತ್ತಿರವೂ ನಿಲ್ಲುವುದಿಲ್ಲ. ಅದು ಚುರುಕುತನವೋ, ಬೆರೆಯದಿರುವುದೋ? ಬುಟ್ಟಿಯೊಳಗಿನ ಇಲಿಗೂ ಮೊದಲೇ ಅಲ್ಲಿ ಕೂತು ಅಭ್ಯಾಸ ಆಗಿರಬೇಕು. ಇಲ್ಲದಿದ್ದರೆ ಅದು ಗಾಬರಿಯಿಂದ ತಂತಿ ಕಚ್ಚುತ್ತದೆ, ಹೊರಗಿನ ಇಲಿ ದೂರ ಹೋಗುತ್ತದೆ.

ನನಗೆ ನಿಜವಾಗಿ ಬೇಜಾರಾಗುವುದು ಇದರ ಲೆಕ್ಕದಲ್ಲಿ. ಮಾಮೂಲಿ ಇಲಿಗಳಲ್ಲಿ ಹೊಸಬನ ಕಡೆ ಒಲವು ಕಂಡಿತು, ನಾಕೌಟ್ ಇಲಿಗಳಲ್ಲಿ ಕಾಣಲಿಲ್ಲ, ಹಾಗಾಗಿ ಎರಡು ಗುಂಪೂ ಬೇರೆ ಅಂತ ಎಷ್ಟೋ ಪ್ರಬಂಧಗಳು ಹೇಳುತ್ತವೆ. ಒಲವು ಇದೆ ಅನ್ನೋಕೆ ಲೆಕ್ಕದಲ್ಲಿ ಒಂದು ಗೆರೆ ಇರುತ್ತದೆ. ಒಂದು ಗುಂಪು ಆ ಗೆರೆಯನ್ನು ಕೂದಲೆಳೆಯಲ್ಲಿ ದಾಟಿರಬಹುದು, ಇನ್ನೊಂದು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿರಬಹುದು. ಎರಡನ್ನೂ ನೇರವಾಗಿ ಒಂದಕ್ಕೊಂದು ಹೋಲಿಸಿದರೆ ವ್ಯತ್ಯಾಸವೇ ಸಿಗದಿರಬಹುದು. ಇಂಥ ಲೆಕ್ಕದ ಮೇಲೆ ಔಷಧಿಯ ಆಸೆ ಹುಟ್ಟಿಸಬಾರದು.

ಇಲಿಯ ತಳಿಯೂ ದಾರಿ ತಪ್ಪಿಸುತ್ತದೆ. ಎಫ್‌ವಿಬಿ ಅನ್ನೋ ಬಿಳಿ ತಳಿ ಲ್ಯಾಬ್‌ಗಳಲ್ಲಿ ತುಂಬಾ ಬಳಕೆಯಲ್ಲಿದೆ. ಅದರಲ್ಲಿ ಕಣ್ಣಿನ ರೆಟಿನಾ (ಬೆಳಕು ಗ್ರಹಿಸುವ ಪರದೆ) ಚಿಕ್ಕ ವಯಸ್ಸಿನಲ್ಲೇ ಹಾಳಾಗುವ ಮ್ಯುಟೇಶನ್, ಅಂದರೆ ಜೀನಿನ ದೋಷ, ಇರುತ್ತದೆ. ನೀರಿನ ತೊಟ್ಟಿಯ ನೆನಪಿನ ಪರೀಕ್ಷೆಯಲ್ಲಿ ಇಲಿ ಗೋಡೆಯ ಗುರುತು ನೋಡಿ ನೀರಿನಡಿ ಅಡಗಿಸಿಟ್ಟ ಕಟ್ಟೆ ಹುಡುಕಬೇಕು. ಅಂಥ ಇಲಿಯನ್ನು ಅದಕ್ಕೆ ಬಿಟ್ಟರೆ, ಗೋಡೆಯ ಗುರುತು ಕಾಣದೆ ಸುಮ್ನೆ ಸುತ್ತು ಹೊಡೆಯುತ್ತದೆ. ನಾವು ಅದನ್ನು ಮರೆವು ಅಂದುಕೊಳ್ಳುತ್ತೇವೆ.

ನೋಡುವವರೂ ಫಲಿತಾಂಶದ ಭಾಗವೇ. 1999ರಲ್ಲಿ ಆಲ್ಬನಿ, ಎಡ್ಮಂಟನ್, ಪೋರ್ಟ್‌ಲ್ಯಾಂಡ್ ಊರುಗಳ ಮೂರು ಲ್ಯಾಬ್‌ಗಳು ಒಂದೇ ತಳಿ, ಒಂದೇ ಉಪಕರಣ, ಒಂದೇ ವೇಳಾಪಟ್ಟಿ ಇಟ್ಟುಕೊಂಡು ಪರೀಕ್ಷೆ ಮಾಡಿದರೂ ಕೆಲವು ಫಲಿತಾಂಶಗಳು ಲ್ಯಾಬಿನಿಂದ ಲ್ಯಾಬಿಗೆ ಬೇರೆಯಾದವು. 2014ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡವೊಂದು, ಕೋಣೆಯಲ್ಲಿ ಗಂಡಸರಿದ್ದರೆ, ಅವರು ಹಾಕಿಕೊಂಡ ಟೀ ಶರ್ಟ್ ಇದ್ದರೂ ಸಾಕು, ಇಲಿಗಳಿಗೆ ಒತ್ತಡ ಹೆಚ್ಚುತ್ತದೆ ಅಂತ ತೋರಿಸಿತು. ಅದಕ್ಕೇ ಪರೀಕ್ಷೆ ಮುಗಿಯುವವರೆಗೆ ಯಾವ ಇಲಿ ಯಾವ ಗುಂಪಿನದು ಅಂತ ನೋಡುವವರಿಗೆ ಗೊತ್ತಿರಬಾರದು, ಬರೀ ನಂಬರ್ ಇರಬೇಕು. ಎರಡೂ ಗುಂಪಿನವು ಒಂದೇ ತಾಯಿಯ, ಒಂದೇ ಸೂಲಿನ ಮರಿಗಳಾಗಿದ್ದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಹೇಳಿದೆ ಅಂತ ಇಲಿಯ ನಡವಳಿಕೆಗೆ ಬೆಲೆ ಇಲ್ಲ ಅಂದುಕೊಳ್ಳಬೇಡಿ. ಹೆಣ್ಣುಮಕ್ಕಳಲ್ಲಿ ಜಾಸ್ತಿ ಕಾಣುವ, ಮಿದುಳಿನ ಬೆಳವಣಿಗೆಯ ಕಾಯಿಲೆಯಾದ ರೆಟ್ ಸಿಂಡ್ರೋಮ್ ನೋಡಿ. ಅದರ ಹಿಂದಿರುವುದು ಎಂಇಸಿಪಿ2 ಜೀನ್. ಅದು ಕೆಟ್ಟ ಇಲಿಯ ಬಾಲ ಹಿಡಿದು ಮೇಲೆತ್ತಿದರೆ ಹಿಂಗಾಲುಗಳನ್ನು ಒಳಗೆಳೆದು ಒಂದಕ್ಕೊಂದು ಬಿಗಿಯುತ್ತದೆ. ಆರೋಗ್ಯವಾಗಿರುವ ಇಲಿ ಅದೇ ಕಾಲುಗಳನ್ನು ಅಗಲಿಸುತ್ತದೆ. ಇದರ ಜೊತೆ ನಡುಕ, ನಡಿಗೆ, ಉಸಿರಾಟ ನೋಡಿ ಅಂಕ ಕೊಡುತ್ತಾರೆ. 2007ರಲ್ಲಿ ಎಡಿನ್‌ಬರೋದ ಏಡ್ರಿಯನ್ ಬರ್ಡ್ ತಂಡ, ಕಾಯಿಲೆ ಬಿದ್ದು ಬೆಳೆದಿದ್ದ ಇಲಿಗಳಲ್ಲಿ ಈ ಜೀನನ್ನು ಮತ್ತೆ ಚಾಲೂ ಮಾಡಿದಾಗ ಬಹಳಷ್ಟು ಲಕ್ಷಣಗಳು ಹಿಂದೆ ಸರಿದವು. ಬೆಳೆದ ಮಿದುಳನ್ನೂ ಸರಿಪಡಿಸಲು ಸಾಧ್ಯ ಅನ್ನೋ ದೊಡ್ಡ ಮಾತು ಸಿಕ್ಕಿದ್ದು ಇಷ್ಟು ಸರಳವಾದ ಅಂಕಪಟ್ಟಿಯಿಂದ. ಕಾಲು, ಉಸಿರು ಅಂತ ಕಣ್ಣಿಗೆ ಕಾಣುವುದನ್ನಷ್ಟೇ ಅಳೆದಿದ್ದಾರೆ, ಇಲಿಯ ಮನಸ್ಸಿನಲ್ಲೇನಿದೆ ಅಂತ ಊಹಿಸಿಲ್ಲ. ಹಾಗಾಗಿ ಇದರ ಮೇಲೆ ನನಗೆ ಮೂರು ಕೋಣೆಯ ಪೆಟ್ಟಿಗೆಗಿಂತ ಜಾಸ್ತಿ ನಂಬಿಕೆ.

ಫ್ರ್ಯಾಜೈಲ್ ಎಕ್ಸ್ ಇಲಿಯಲ್ಲೂ ಅಂಥದ್ದೊಂದಿದೆ. ಸುಮಾರು ಮೂರು ವಾರದ ಮರಿಗೆ ಜೋರಾಗಿ ಗಂಟೆ ಬಾರಿಸಿದರೆ ಹುಚ್ಚೆದ್ದು ಓಡಿ ಫಿಟ್ಸ್ ಬಂದು ಬೀಳುತ್ತದೆ. ಎಂಜಿಎಲ್‌ಯುಆರ್5 ಅನ್ನೋ ರಿಸೆಪ್ಟರನ್ನು (ಮಿದುಳಿನ ಜೀವಕೋಶ ಸಂದೇಶ ಹಿಡಿಯುವ ಪ್ರೋಟೀನ್) ತಡೆಯುವ ಔಷಧಿ ಕೊಟ್ಟಾಗ ಆ ಫಿಟ್ಸ್ ಕಡಿಮೆಯಾಯಿತು. ಆ ಆಸೆಯ ಮೇಲೆಯೇ ನೊವಾರ್ಟಿಸ್ ಕಂಪನಿ ಅದೇ ರಿಸೆಪ್ಟರನ್ನು ತಡೆಯುವ ಮ್ಯಾವೊಗ್ಲುರಾಂಟ್ ಅನ್ನೋ ಔಷಧಿಯನ್ನು ಮನುಷ್ಯರಲ್ಲಿ ಪರೀಕ್ಷಿಸಿತು. ಹದಿಹರೆಯದವರಲ್ಲೂ ದೊಡ್ಡವರಲ್ಲೂ ಅದು ಪ್ಲಸೀಬೋ (ಔಷಧಿಯೇ ಇಲ್ಲದ) ಮಾತ್ರೆಗಿಂತ ಒಳ್ಳೆ ಫಲ ಕೊಡಲಿಲ್ಲ. 2014ರಲ್ಲಿ ಫ್ರ್ಯಾಜೈಲ್ ಎಕ್ಸ್‌ಗಾಗಿ ನಡೆಸಿದ್ದ ಆ ಕೆಲಸವನ್ನು ಕಂಪನಿ ನಿಲ್ಲಿಸಿತು. ಇಲಿಯಲ್ಲಿ ನೋಡಿದ್ದು ಫಿಟ್ಸ್, ಮನುಷ್ಯರಲ್ಲಿ ಅಳೆದಿದ್ದು ಮನೆಯವರು ತುಂಬಿದ ನಡವಳಿಕೆಯ ಪ್ರಶ್ನಾವಳಿ. ಸೋಲಿಗೆ ಬೇರೆ ಕಾರಣಗಳೂ ಇರಬಹುದು, ವಯಸ್ಸೂ ಅದರಲ್ಲೊಂದು. ಆದರೆ ಎರಡು ಕಡೆ ಎರಡು ಬೇರೆ ಬೇರೆ ವಿಷಯ ಅಳೆದಿದ್ದಂತೂ ಹೌದು.

ಅದಕ್ಕೇ ಈಗ ನನಗೆ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಕೆಲಸದ ಮೇಲೆ ಹೆಚ್ಚು ಭರವಸೆ. ಫ್ರ್ಯಾಜೈಲ್ ಎಕ್ಸ್ ಇರುವವರ ಮಿದುಳಿನಲ್ಲಿ ಗಾಮಾ ಅನ್ನೋ ವೇಗದ ಅಲೆಗಳು ಜಾಸ್ತಿ ಇರುತ್ತವೆ. ಎಫ್‌ಎಂಆರ್1 ಇಲಿಯಲ್ಲೂ ಹಾಗೇ. ಒಂದೇ ಶಬ್ದ ಕೇಳಿಸಿ ಒಂದೇ ಅಲೆಯನ್ನು ಮನುಷ್ಯರಲ್ಲೂ ಇಲಿಯಲ್ಲೂ ನೋಡಬಹುದು. ಇನ್ನು ಮುಂದೆ ಯಾರಾದರೂ ಇಲಿ ಗುಣವಾದ ಸುದ್ದಿ ಕಳಿಸಿದರೆ, ಮೂರು ಕೋಣೆಯ ಅಂಕದ ಜೊತೆ ಇಂಥ ಅಳತೆ ಒಂದಾದರೂ ಇದೆಯಾ ಅಂತ ಹುಡುಕಿ. ಇದ್ದರೆ ನನಗೂ ಕಳಿಸಿ, ಕೂತು ಓದೋಣ.