‘ಹ್ಯಾವ್’ ಕಲಿಯಬೇಕಾ? ಮೊದಲು ನಮ್ಮ ‘ಇದೆ’ಯನ್ನು ನೋಡಿ

ಇಂಗ್ಲಿಷ್ ಕಲಿಯುವಾಗ ನನಗೆ ಜಾಸ್ತಿ ತೊಂದರೆ ಕೊಟ್ಟದ್ದು ದೊಡ್ಡ ದೊಡ್ಡ ಪದಗಳಲ್ಲ, ‘ಹ್ಯಾವ್’ ಅನ್ನುವ ಸಣ್ಣ ಪದ. ಕಾರಣ ಗೊತ್ತಾಗಿದ್ದು ತುಂಬಾ ತಡವಾಗಿ. ಕನ್ನಡದಲ್ಲಿ ಇದಕ್ಕೆ ಸರಿಸಮನಾದ ಕ್ರಿಯಾಪದವೇ ಇಲ್ಲ! ಅದರ ಕೆಲಸವನ್ನೆಲ್ಲ ಹೆಚ್ಚುಕಡಿಮೆ ನಮ್ಮ ‘ಇರು’ ಮಾಡುತ್ತದೆ.

‘ನನಗೆ ಇಬ್ಬರು ತಮ್ಮಂದಿರು ಇದ್ದಾರೆ.’ ಈ ವಾಕ್ಯದಲ್ಲಿ ‘ಇದ್ದಾರೆ’ ಯಾರಿಗೆ ಸೇರಿದ್ದು? ತಮ್ಮಂದಿರಿಗೆ. ‘ನಾನು’ ಇಲ್ಲಿ ‘ನನಗೆ’ ಆಗಿ ಪಕ್ಕಕ್ಕೆ ಸರಿದಿದೆ. ಇಂಗ್ಲಿಷ್‌ನಲ್ಲಿ ಹಾಗಲ್ಲ. ಅಲ್ಲಿ ‘ನಾನು’ ಮುಂದೆ ಬಂದು ನಿಲ್ಲಬೇಕು: ‘ಐ ಹ್ಯಾವ್ ಟೂ ಬ್ರದರ್ಸ್.’ ‘ಟು ಮಿ ಟೂ ಬ್ರದರ್ಸ್ ಆರ್ ದೇರ್’ ಅಂತ ಬಾಯಿಗೆ ಬಂದರೆ, ನಾವು ಕನ್ನಡದ ‘ನನಗೆ’ಯನ್ನು ಹಾಗೇ ಹೊತ್ತುಕೊಂಡು ಹೋಗಿದ್ದೇವೆ ಅಂತ ಅರ್ಥ.

ಗಮನಿಸಿ, ಕನ್ನಡದಲ್ಲಿ ಇದಕ್ಕೆ ಬೇರೆ ಬೇರೆ ರೂಪ ಇದೆ. ‘ನನ್ನ ಹತ್ತಿರ ಪೆನ್ ಇದೆ’, ‘ನನಗೆ ಜ್ವರ ಇದೆ’, ‘ಈ ಮನೆಗೆ ಎರಡು ಬಾಗಿಲು ಇವೆ’, ‘ಅವಳಲ್ಲಿ ಧೈರ್ಯ ಇದೆ’. ಹತ್ತಿರ, ಗೆ, ಅಲ್ಲಿ ಎಲ್ಲ ಬಂದವು. ಇಂಗ್ಲಿಷ್‌ನಲ್ಲಿ ನಾಲ್ಕಕ್ಕೂ ಒಂದೇ ಪದ ಸಾಕು. ‘ಐ ಹ್ಯಾವ್ ಎ ಪೆನ್’, ‘ಐ ಹ್ಯಾವ್ ಎ ಫೀವರ್’, ‘ದಿಸ್ ಹೌಸ್ ಹ್ಯಾಸ್ ಟೂ ಡೋರ್ಸ್’, ‘ಶಿ ಹ್ಯಾಸ್ ಕರೇಜ್’. ಈ ವಿಷಯದಲ್ಲಿ ಇಂಗ್ಲಿಷೇ ಸುಲಭ.

ಆದರೆ ‘ನನಗೆ’ ಕಂಡ ಕಡೆಯೆಲ್ಲ ‘ಹ್ಯಾವ್’ ಹಾಕಬೇಡಿ. ‘ನನಗೆ 20 ವರ್ಷ’ ಅಂದರೆ ‘ಐ ಆಮ್ 20’. ‘ನನಗೆ ಹಸಿವಾಗಿದೆ’ ಅಂದರೆ ‘ಐ ಆಮ್ ಹಂಗ್ರಿ’. ‘ನನಗೆ ಗೊತ್ತು’ ಅನ್ನೋದು ‘ಐ ನೋ’. ಇವನ್ನು ಹಾಗೇ ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

‘ಹ್ಯಾಸ್’ ಬಗ್ಗೆ ಒಂದೇ ಮಾತು. ಹಿ, ಶಿ, ಇಟ್ ಮತ್ತು ಒಬ್ಬರ ಹೆಸರಿನ ಜೊತೆ ಅದು ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ತಪ್ಪು ಆಗುವುದು ಪ್ರಶ್ನೆ ಕೇಳುವಾಗ. ‘ಡಸ್ ಹಿ ಹ್ಯಾಸ್ ಎ ಬೈಕ್?’ ಅನ್ನಬಾರದು. ‘ಡಸ್’ ಬಂದ ಮೇಲೆ ‘ಹ್ಯಾವ್’ ಸಾಕು: ‘ಡಸ್ ಹಿ ಹ್ಯಾವ್ ಎ ಬೈಕ್?’ ಇಲ್ಲ ಅನ್ನುವಾಗಲೂ ಅಷ್ಟೇ, ‘ಹಿ ಡಸಂಟ್ ಹ್ಯಾವ್ ಎ ಬೈಕ್.’

ಈಗ ನಾವು ಎಲ್ಲೆಲ್ಲೂ ಕೇಳುವ ‘ಐ ಆಮ್ ಹ್ಯಾವಿಂಗ್’ ನೋಡೋಣ. ‘ಐ ಆಮ್ ಹ್ಯಾವಿಂಗ್ ಟೂ ಇಯರ್ಸ್ ಎಕ್ಸ್‌ಪೀರಿಯೆನ್ಸ್’ ಅಂತ ಇಂಟರ್‌ವ್ಯೂನಲ್ಲಿ ಎಷ್ಟು ಜನ ಹೇಳುತ್ತಾರೆ, ಅಲ್ವಾ? ಅನುಭವ, ಮನೆ, ಅಣ್ಣ ತಮ್ಮ, ಕಾಯಿಲೆ ಇವೆಲ್ಲ ಸುಮ್ನೆ ಇರುವಂಥವು. ನಾವು ಕೂತು ಮಾಡುವ ಕೆಲಸಗಳಲ್ಲ. ಇರುವುದಕ್ಕೆ ‘ಹ್ಯಾವ್’, ಮಾಡುತ್ತಿರುವುದಕ್ಕೆ ‘ಹ್ಯಾವಿಂಗ್’. ‘ಐ ಆಮ್ ಹ್ಯಾವಿಂಗ್ ಲಂಚ್’ ಪೂರ್ತಿ ಸರಿ. ಊಟ ‘ಇರುವುದು’ ಬೇರೆ, ಊಟ ‘ಮಾಡ್ತಾ ಇರುವುದು’ ಬೇರೆ. ಕನ್ನಡದಲ್ಲಿ ‘ಮಾಡ್ತಾ ಇದ್ದೀನಿ’ ಅನ್ನಲು ಬರುತ್ತದಾ ಅಂತ ನೋಡಿಕೊಳ್ಳಿ. ‘ಅನುಭವ ಮಾಡ್ತಾ ಇದ್ದೀನಿ’ ಅಂತ ಯಾರೂ ಹೇಳುವುದಿಲ್ಲ.

ಹಿಂದೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿಯೊಬ್ಬಳು ರಜೆ ಕೇಳುವಾಗ ಮ್ಯಾನೇಜರ್‌ಗೆ ‘ಮೈ ಸಿಸ್ಟರ್ ಈಸ್ ಹ್ಯಾವಿಂಗ್ ಎ ಬೇಬಿ’ ಅಂತ ಬರೆದಳು. ಅವಳು ಹೇಳಹೊರಟದ್ದು ಅಕ್ಕನಿಗೆ ಒಂದು ವರ್ಷದ ಮಗು ಇದೆ, ನೋಡಿಕೊಳ್ಳಲು ಹೋಗಬೇಕು ಅಂತ. ಅವರು ಗಾಬರಿಯಿಂದ ‘ಯಾವ ಆಸ್ಪತ್ರೆ? ಈಗಲೇ ಹೊರಡಿ’ ಅಂದರು. ‘ಈಸ್ ಹ್ಯಾವಿಂಗ್ ಎ ಬೇಬಿ’ ಅಂದರೆ ಬಸುರಿ, ಇಲ್ಲವೇ ಈಗ ಹೆರಿಗೆ ಆಗುತ್ತಿದೆ ಅಂತ. ಮಗು ಇದ್ದರೆ ‘ಹ್ಯಾಸ್ ಎ ಬೇಬಿ’.

‘ಹ್ಯಾವ್ ಟು’ ನಮಗೆ ಕಷ್ಟ ಅಲ್ಲ, ಅದು ನಮ್ಮ ‘ಬೇಕು’. ‘ನಾನು ಹೋಗಬೇಕು’ ಅಂದರೆ ‘ಐ ಹ್ಯಾವ್ ಟು ಗೋ’. ಬಾಯಲ್ಲಿ ಅದು ‘ಹ್ಯಾಫ್ ಟು’ ಅಂತ ಕೇಳಿಸುತ್ತದೆ, ‘ಹ್ಯಾಸ್ ಟು’ ಹೋಗಿ ‘ಹ್ಯಾಸ್ಟು’ ಆಗುತ್ತದೆ. ನಾವು ಎಡವುವುದು ‘ಬೇಡ’ ಅಂತ ಹೇಳುವಾಗ. ‘ಯು ಡೋಂಟ್ ಹ್ಯಾವ್ ಟು ಕಮ್’ ಅಂದರೆ ‘ನೀವು ಬರಬೇಕಾಗಿಲ್ಲ’, ಬಂದರೂ ತೊಂದರೆ ಇಲ್ಲ. ‘ಬರಬಾರದು’ ಅನ್ನಲು ‘ಯು ಮಸ್ಟ್ ನಾಟ್ ಕಮ್’ ಬೇಕು. ಕನ್ನಡದಲ್ಲಿ ಇವೆರಡನ್ನು ಯಾರೂ ಬೆರೆಸುವುದಿಲ್ಲ. ಹಾಗಾಗಿ ಮೊದಲು ಕನ್ನಡದಲ್ಲಿ ಹೇಳಿಕೊಂಡು ಆಮೇಲೆ ಇಂಗ್ಲಿಷ್‌ಗೆ ಹೋದರೆ ಇಲ್ಲಿ ತಪ್ಪೇ ಆಗುವುದಿಲ್ಲ.

ನನಗೆ ತುಂಬಾ ಇಷ್ಟವಾದ ಜಾಗ ಮುಂದಿನದು. ‘ತಿಂದಿದ್ದೇನೆ’ ಅನ್ನುವುದನ್ನು ಬಿಡಿಸಿ ನೋಡಿ: ತಿಂದು, ಇದ್ದೇನೆ. ಅಲ್ಲೂ ‘ಇರು’ ಕೂತಿದೆ! ಇಂಗ್ಲಿಷ್‌ನಲ್ಲಿ ಅದೇ ಜಾಗದಲ್ಲಿ ‘ಹ್ಯಾವ್’ ಕೂತಿದೆ: ‘ಐ ಹ್ಯಾವ್ ಈಟನ್.’ ‘ಬಂದಿದ್ದಾನೆ’ ಅಂದರೆ ‘ಹಿ ಹ್ಯಾಸ್ ಕಮ್’. ನಮ್ಮಲ್ಲಿ ‘ಇರು’ ಮಾಡುವ ಎರಡೂ ಕೆಲಸವನ್ನು ಅಲ್ಲಿ ‘ಹ್ಯಾವ್’ ಮಾಡುತ್ತದೆ. ಇದು ಕಂಡ ದಿನ ನನಗೆ ವ್ಯಾಕರಣದ ಪುಸ್ತಕದ ಅರ್ಧ ಭಯ ಹೋಯಿತು. ಬೆಳಗ್ಗೆ ಸಿಕ್ಕವರನ್ನು ‘ತಿಂಡಿ ಆಯ್ತಾ?’ ಅಂತ ಕೇಳುತ್ತೇವಲ್ಲ, ಅದಕ್ಕೆ ‘ಬ್ರೇಕ್‌ಫಾಸ್ಟ್ ಓವರ್?’ ಅನ್ನುವುದು ಬೇಡ. ‘ಹ್ಯಾವ್ ಯು ಹ್ಯಾಡ್ ಯುವರ್ ಬ್ರೇಕ್‌ಫಾಸ್ಟ್?’ ಅನ್ನಿ. ಮೊದಲನೇ ‘ಹ್ಯಾವ್’ ಕಾಲ ಹೇಳುತ್ತದೆ, ಎರಡನೇ ‘ಹ್ಯಾಡ್’ ತಿನ್ನುವುದನ್ನು ಹೇಳುತ್ತದೆ.

ಆದರೆ ಈ ಹೋಲಿಕೆಯನ್ನು ನಂಬಿಕೊಂಡು ಒಂದು ಕಡೆ ಬೀಳುತ್ತೇವೆ. ‘ನಿನ್ನೆ ನಿಮ್ಮ ಮನೆಗೆ ಬಂದಿದ್ದೆ, ನೀವು ಇರಲಿಲ್ಲ.’ ಕನ್ನಡಕ್ಕೆ ಇದು ತೀರಾ ಸಹಜ. ಅದಕ್ಕೇ ನಾವು ‘ಯೆಸ್ಟರ್‌ಡೇ ಐ ಹ್ಯಾಡ್ ಕಮ್ ಟು ಯುವರ್ ಹೌಸ್’ ಅನ್ನುತ್ತೇವೆ. ಇಲ್ಲಿ ‘ಐ ಕೇಮ್’ ಅಂದರೆ ಸಾಕು. ಹಿಂದೆ ನಡೆದ ಒಂದು ಸಂಗತಿಗಿಂತಲೂ ಮೊದಲೇ ಇನ್ನೊಂದು ಮುಗಿದಿತ್ತು ಅಂತ ಹೇಳಬೇಕಾದಾಗ ‘ಹ್ಯಾಡ್’ ಬರಲಿ. ನಾನು ಸ್ಟಾಪ್‌ಗೆ ಬರುವಷ್ಟರಲ್ಲಿ ಬಸ್ ಹೊರಟುಹೋಗಿತ್ತು: ‘ವೆನ್ ಐ ರೀಚ್ಡ್ ದ ಸ್ಟಾಪ್, ದ ಬಸ್ ಹ್ಯಾಡ್ ಲೆಫ್ಟ್.’ ಹಾಗೆಯೇ ‘ಯೆಸ್ಟರ್‌ಡೇ’ ಇದ್ದಲ್ಲಿ ‘ಐ ಹ್ಯಾವ್ ಸೀನ್’ ಕೂಡ ಬೇಡ, ‘ಐ ಸಾ’ ಅನ್ನಿ.

ಇನ್ನೊಂದು ಬಳಕೆಯನ್ನು ತುಂಬಾ ಜನ ಬಿಟ್ಟೇಬಿಡುತ್ತಾರೆ. ‘ಹೊಲಿದೆ’, ‘ಹೊಲಿಸಿದೆ’ ಎರಡೂ ಒಂದೇನಾ? ಅಲ್ಲ. ಮೊದಲನೆಯದನ್ನು ನಾನೇ ಮಾಡಿದೆ, ಎರಡನೆಯದನ್ನು ಟೈಲರ್ ಹತ್ತಿರ ಮಾಡಿಸಿದೆ. ನಮ್ಮ ‘ಇಸು’ ಹೇಳುವುದನ್ನು ಇಂಗ್ಲಿಷ್‌ನಲ್ಲಿ ‘ಹ್ಯಾವ್’ ಹೇಳುತ್ತದೆ. ‘ಐ ಸ್ಟಿಚ್ಡ್ ಎ ಬ್ಲೌಸ್’ ಅಂದರೆ ಹೊಲಿದೆ, ‘ಐ ಹ್ಯಾಡ್ ಎ ಬ್ಲೌಸ್ ಸ್ಟಿಚ್ಡ್’ ಅಂದರೆ ಹೊಲಿಸಿದೆ. ಬೈಕ್ ಸರ್ವಿಸ್ ಮಾಡಿಸಿದೆ ಅನ್ನಲು ‘ಐ ಹ್ಯಾಡ್ ಮೈ ಬೈಕ್ ಸರ್ವಿಸ್ಡ್’. ವಸ್ತು ನಡುವೆ ಬರುತ್ತದೆ ಅನ್ನುವುದನ್ನು ಮರೆಯಬೇಡಿ. ಅದು ಕೊನೆಗೆ ಹೋಗಿ ‘ಐ ಹ್ಯಾಡ್ ಸರ್ವಿಸ್ಡ್ ಮೈ ಬೈಕ್’ ಆದರೆ, ಆಗಲೇ ನಾನೇ ಸರ್ವಿಸ್ ಮಾಡಿದ್ದೆ ಅಂತ ಅರ್ಥ ಬದಲಾಗುತ್ತದೆ.

ಒಂದು ವಾಕ್ಯ ಕೊಡುತ್ತೇನೆ, ಮಾಡಿ ನೋಡಿ. ‘ಅಕ್ಕನಿಗೆ ನಾಳೆ ಪರೀಕ್ಷೆ ಇದೆ, ಬೇಗ ಏಳಬೇಕು, ಅದಕ್ಕೆ ಈಗಲೇ ಊಟ ಮಾಡ್ತಾ ಇದ್ದಾಳೆ.’ ಇಂಗ್ಲಿಷ್‌ನಲ್ಲಿ: ‘ಮೈ ಸಿಸ್ಟರ್ ಹ್ಯಾಸ್ ಆನ್ ಎಕ್ಸಾಮ್ ಟುಮಾರೋ ಆಂಡ್ ಶಿ ಹ್ಯಾಸ್ ಟು ಗೆಟ್ ಅಪ್ ಅರ್ಲಿ, ಸೋ ಶಿ ಈಸ್ ಹ್ಯಾವಿಂಗ್ ಡಿನ್ನರ್ ನೌ.’ ಒಂದೇ ಪದ ಮೂರು ಸಲ ಬಂತು. ಮೂರರ ಕೆಳಗೂ ಗೆರೆ ಎಳೆದು, ಪಕ್ಕದಲ್ಲಿ ಅದರದರ ಕನ್ನಡ ಬರೆದುಕೊಳ್ಳಿ: ಇದೆ, ಬೇಕು, ಮಾಡ್ತಾ ಇದ್ದಾಳೆ.